ಹೆಸರು ಹಿಡಿದು ಕೂಗು

ಮಗಳೇ,

ಸ್ವಸಹಾಯ ಸಂಘಕ್ಕೆ ನಿನ್ನನ್ನು ಪ್ರತಿನಿಧಿ ಮಾಡಿದ್ದಾರೆ ಅಂತ ನಿನ್ನವ್ವ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ಹೆದರಿಕೆಯೂ ಇತ್ತು. ಹೆದರಿಕೆ ಯಾಕೆಂದು ನನಗೆ ಗೊತ್ತು. ನಮ್ಮೂರು ಹೂಗ್ಯಂನಲ್ಲಿ ನಾನು ಸಂಘ ಕಟ್ಟಿದ್ದನ್ನೂ, ಅದು ಒಡೆದದ್ದನ್ನೂ ಅವಳು ಪಕ್ಕದಲ್ಲೇ ನಿಂತು ನೋಡಿದ್ದಾಳೆ.

ಪುಸ್ತಕ ಬರೆಯುವುದು, ಬ್ಯಾಂಕಿನ ಚಲನ್ ತುಂಬುವುದು, ಸಾಲದ ಕಂತು ಲೆಕ್ಕ ಹಾಕುವುದು, ಇವೆಲ್ಲ ನಿನಗೆ ಒಂದು ತಿಂಗಳಲ್ಲಿ ಬರುತ್ತವೆ. ಸಂಘಗಳ ಒಕ್ಕೂಟದ ತರಬೇತಿಯಲ್ಲಿ ಪಂಚಸೂತ್ರವನ್ನೂ ಬಾಯಿಪಾಠ ಮಾಡಿಸುತ್ತಾರೆ: ವಾರದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ. ಐದೂ ಬೇಕಾದವೇ. ನಾನು ಹೇಳಬೇಕೆಂದಿರುವುದು ಆ ಐದರಲ್ಲಿ ಇಲ್ಲದ್ದು. ನನಗೆ ಅದನ್ನು ಯಾರೂ ಕಲಿಸಲಿಲ್ಲ. ತಪ್ಪು ಮಾಡಿ ಕಲಿತೆ.

2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಸಂಘ ಕಟ್ಟುವ ಕೆಲಸ ಅಂಗನವಾಡಿ ಟೀಚರಾಗಿದ್ದ ನನ್ನಂಥವರ ಹೆಗಲಿಗೆ ಬಿತ್ತು. ಹನೂರು ಇನ್ನೂ ತಾಲ್ಲೂಕಾಗಿರಲಿಲ್ಲ, ಒಂದು ಸಹಿಗೂ ಕೊಳ್ಳೇಗಾಲದ ಬಸ್ಸು ಹತ್ತಬೇಕಿತ್ತು. ಮನೆಮನೆ ತಿರುಗಿ ಹದಿನೇಳು ಜನರನ್ನು ಕೂಡಿಸಿದೆ. ವಾರಕ್ಕೆ ತಲೆಗೆ ಹತ್ತು ರೂಪಾಯಿ. ಮಾದಪ್ಪನ ಬೆಟ್ಟದ ಸೀಮೆ ನಮ್ಮದು, ಮನೆಗೊಬ್ಬ ಮಾದಪ್ಪ, ಬೀದಿಗೆ ನಾಲ್ಕು ಜನ ಮಾದೇವಮ್ಮ. ನಮ್ಮ ಹದಿನೇಳು ಜನರಲ್ಲೂ ಆ ಹೆಸರಿನವರು ನಾಲ್ವರು. ಮೊದಲ ತಿಂಗಳಲ್ಲೇ ಒಬ್ಬಳು ಕಟ್ಟಿದ ಮೂವತ್ತು ರೂಪಾಯಿ ಇನ್ನೊಬ್ಬಳ ಲೆಕ್ಕಕ್ಕೆ ಸೇರಿ ಗಲಾಟೆಯಾಯಿತು. ಆವತ್ತು ರಾತ್ರಿ ಲಾಟೀನಿನ ಬೆಳಕಲ್ಲಿ ಕುಳಿತು, ಗೊಂದಲ ಬೇಡವೆಂದು ಊರಲ್ಲಿ ಹೇಗೆ ಕರೆಯುತ್ತಿದ್ದರೋ ಹಾಗೆ ಬರೆದೆ. ಒಬ್ಬಳ ಹೆಸರಿನ ಹಿಂದೆ ಅವಳ ಜಾತಿ. ಇನ್ನೊಬ್ಬಳ ಹಿಂದೆ ಗಂಡನ ಹೆಸರು. ಮತ್ತೊಬ್ಬಳ ಹಿಂದೆ ಬೀದಿ. ನಾಲ್ಕನೆಯವಳು ಊರ ಯಜಮಾನರ ಮನೆಯ ಸೊಸೆ. ಅವಳ ಹೆಸರಿಗೆ ಹಿಂದೆ ಮುಂದೆ ಏನನ್ನೂ ಸೇರಿಸಲಿಲ್ಲ, ಬರೀ ಮಾದೇವಮ್ಮ.

ಯಾಕೆ ಹಾಗೆ ಬರೆದೆ ಅಂತ ಆ ರಾತ್ರಿ ನನಗೆ ಹೊಳೆಯಲೇ ಇಲ್ಲ. ಮುಂದಿನ ವಾರ ಹಾಜರಿ ಕೂಗಿದೆ. ಜಾತಿ ಸೇರಿಸಿ ಕೂಗಿಸಿಕೊಂಡವಳು ಸೋಲಿಗರ ಹಾಡಿ, ಅಂದರೆ ಪೋಡಿನಿಂದ ಬರುತ್ತಿದ್ದ ಹೆಂಗಸು. ದುಡ್ಡು ಕಟ್ಟಿದಳು, ಒಂದು ಮಾತೂ ಆಡದೆ ಎದ್ದು ಹೋದಳು. ಮತ್ತೆ ಮೂರು ವಾರ ಬರಲಿಲ್ಲ. ಉಳಿದವರು, 'ಕಾಡಿಗೆ ಹೋಗಿರ್ತಾಳೆ ಬುಡು ಟೀಚರಮ್ಮ' ಅಂದರು. ನನಗೆ ಸಮಾಧಾನವಾಗಲಿಲ್ಲ, ಹುಡುಕಿಕೊಂಡು ಪೋಡಿಗೇ ಹೋದೆ. ರಾಗಿ ಬೀಸುತ್ತಿದ್ದವಳು ಬೀಸುವುದು ನಿಲ್ಲಿಸದೆ ಕೇಳಿದಳು: 'ಹತ್ರುಪಾಯಿ ಕಟ್ಟಿದ್ದು ನಾನಾ, ನನ್ ಕುಲವಾ?'

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ವಾಪಸು ಬಂದು ಮುಂದಿನ ಸಭೆಯಲ್ಲಿ ನಾಲ್ವರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದೆ, ನಿಮ್ಮ ನಿಮ್ಮ ಹೆಸರು ಪುಸ್ತಕದಲ್ಲಿ ಹೇಗಿರಬೇಕು, ನೀವೇ ಹೇಳಿ. ಒಬ್ಬಳು ಅವ್ವನ ಹೆಸರು ಸೇರಿಸಿ ಅಂದಳು. ಗಂಡನ ಹೆಸರಿನವಳು ಬಹಳ ಹೊತ್ತು ಯೋಚಿಸಿ, 'ಕೋಳಿ ಸಾಕೋ ಮಾದೇವಮ್ಮ ಅಂತ ಬರ್ಕೊಳಿ' ಅಂದಾಗ ಎಲ್ಲರೂ ನಕ್ಕರು, ಅವಳು ಮಾತ್ರ ನಗಲಿಲ್ಲ. ಯಜಮಾನರ ಸೊಸೆ ತವರೂರಿನ ಹೆಸರು ಹೇಳಿದಳು. ಕೊನೆಗೆ ಪೋಡಿನವಳು. 'ಸೋಲಿಗರ ಮಾದೇವಮ್ಮ ಅಂತ್ಲೇ ಬರಿ,' ಅಂದಳು. ನಾನು ತಬ್ಬಿಬ್ಬಾದೆ, ಅದನ್ನೇ ಅಲ್ಲವಾ ಮೊದಲು ಬರೆದದ್ದು? 'ನೀನಾಗಿ ಬರ್ಕೊಂಡಾಗ ಬ್ಯಾರೆ, ನಾನು ಹೇಳಿ ಬರ್ಸ್ದಾಗ ಬ್ಯಾರೆ.'

ಇಪ್ಪತ್ತೈದು ವರ್ಷವಾಗುತ್ತಾ ಬಂತು. ಸಂಘ, ಒಕ್ಕೂಟ, ಸಮಿತಿ ಅಂತ ಯಾವ ಸಭೆಯಲ್ಲಿ ಕುಳಿತರೂ ನನಗೆ ಅವಳ ಆ ಮಾತು ನೆನಪಾಗುತ್ತದೆ.

ಅಲ್ಲಿಂದಾಚೆಗೆ ಸಂಘ ನಡೆಯುವ ರೀತಿಯೇ ಬದಲಾಯಿತು. ಅದಕ್ಕೆ ಮೊದಲು ಮೂವರು ಮಾತಾಡುತ್ತಿದ್ದರು, ಹದಿನಾಲ್ಕು ಜನ 'ಅವ್ರು ಹೇಳ್ದಂಗೆ ಆಗ್ಲಿ' ಅನ್ನುತ್ತಿದ್ದರು. ಹದಿನಾಲ್ಕು ಜನರೂ ಸಭೆಗೆ ಬರುತ್ತಿದ್ದದ್ದು ಬೇರೆ ಯಾರದೋ ನೆರಳಾಗಿ. ಇಂಥ ಬೀದಿಯವಳು, ಇಂಥವರ ಮನೆಯ ಆಳಿನ ಹೆಂಡತಿ, ಇಂಥವನ ಸೊಸೆ. ಸರ್ಕಾರದ ಸುತ್ತುನಿಧಿ 5,000 ರೂಪಾಯಿ ಬಂದಾಗ ಅದನ್ನು ಬೀದಿ ಲೆಕ್ಕದಲ್ಲಿ ಹಂಚಬೇಕು ಅಂತ ಗಂಡಸರು ಅರಳಿಕಟ್ಟೆಯಲ್ಲಿ ಕೂತು ಮೊದಲೇ ತೀರ್ಮಾನ ಮಾಡಿದ್ದರು. ಸಭೆಯಲ್ಲಿ ಆ ಮಾತು ಬಂದಾಗ ಕೋಳಿ ಸಾಕುವವಳು ಎದ್ದು, 'ಬೀದಿಗೆ ಸಾಲ ಕೊಟ್ರೆ ತೀರ್ಸೋದು ಯಾರು? ಯಾರಿಗೆ ಏನಕ್ಕೆ ಬೇಕು ಅಂತ ಅವರವರೇ ಹೇಳ್ಲಿ' ಅಂದಳು. ಒಬ್ಬೊಬ್ಬರೇ ಹೇಳಿದರು. ಒಬ್ಬಳಿಗೆ ಮಗನ ಫೀಸು, ಇನ್ನೊಬ್ಬಳಿಗೆ ಕುರಿಮರಿ, ಮತ್ತೊಬ್ಬಳಿಗೆ ಅಡವಿಟ್ಟ ಓಲೆ ಬಿಡಿಸಬೇಕು. ಓಲೆಯ ಮಾತು ಆಡಿದವಳ ಗಂಡನಿಗೆ ಅದು ಅಡವಿನಲ್ಲಿರುವುದೇ ಗೊತ್ತಿರಲಿಲ್ಲ. ಹದಿನಾರು ಹೆಂಗಸರ ಮುಂದೆ ಅದನ್ನು ಹೇಳುವ ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದು ಯೋಚಿಸು. ಅಲ್ಲಿ ಅವಳು ಯಾರ ಹೆಂಡತಿಯಾಗಿಯೂ ಕೂತಿರಲಿಲ್ಲ, ಅದಕ್ಕೇ ಬಂತು.

ಆ 5,000 ರೂಪಾಯಿಯಲ್ಲಿ ಒಂದು ಪೈಸೆಯೂ ಮುಳುಗಲಿಲ್ಲ. ಸಾಲ ತೆಗೆದುಕೊಂಡವಳು ತೀರಿಸುವಾಗ 'ನಾನು ಹೇಳಿ ತಗೊಂಡಿದ್ದು' ಅನ್ನುತ್ತಿದ್ದಳು.

ಇದು ನಮ್ಮ ಹದಿನೇಳು ಜನರ ಕತೆ ಮಾತ್ರ ಅಂದುಕೊಳ್ಳಬೇಡ. ಸ್ವಸಹಾಯ ಸಂಘ ಅನ್ನುವುದು ಹುಟ್ಟಿದ್ದೇ ಹೀಗೆ, ಹುಟ್ಟಿಸಿದವರೂ ನಮಗೆ ದೂರದವರಲ್ಲ. ಒಡೆಯರಪಾಳ್ಯದ ಟಿಬೆಟ್ ಕ್ಯಾಂಪು ನಿನಗೆ ಗೊತ್ತಲ್ಲ. ನಮ್ಮ ರಾಜ್ಯಕ್ಕೆ ಬಂದ ಟಿಬೆಟಿಯನ್ನರಿಗೆ ನೆಲೆ ಕಟ್ಟಿಕೊಡಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆಮೇಲೆ ಅದು ನಮ್ಮ ಸೀಮೆಯ ಬಡವರ ನಡುವೆಯೂ ಕೆಲಸ ಮಾಡಿತು. ಮೊದಮೊದಲು ಅವರು ಮಾಡಿದ್ದು ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು. ಒಂದೊಂದರಲ್ಲಿ ನೂರಕ್ಕೂ ಹೆಚ್ಚು ಜನ. 1984-85ರ ಹೊತ್ತಿಗೆ ಅವುಗಳಲ್ಲಿ ಹಲವು ಬಿರುಕು ಬಿಟ್ಟವು. ಅಧಿಕಾರವೆಲ್ಲ ಅಧ್ಯಕ್ಷರ, ಒಬ್ಬಿಬ್ಬರು ಮುಖಂಡರ ಕೈಯಲ್ಲಿ ಉಳಿದು, ಮಿಕ್ಕವರಿಗೆ ಸಂಘದ ಮೇಲಿನ ನಂಬಿಕೆ ಹೋಗಿತ್ತು. ಆಗ ನಡೆದದ್ದನ್ನು ಗಮನಿಸು. ಜನ ಸಣ್ಣ ಸಣ್ಣ ಗುಂಪಾಗಿ ಮೈರಾಡದವರ ಹತ್ತಿರ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ ಅಂದರು. ನಮಗೆ ಬೇಡ, ಈಗ ನೀವೇ ಕೂಡಿಕೊಂಡು ಬಂದಿದ್ದೀರಲ್ಲ, ಈ ಸಣ್ಣ ಗುಂಪಿಗೇ ಯಾಕೆ ಕಟ್ಟಬಾರದು ಅಂತ ಇವರು ಕೇಳಿದರು. ಅಲ್ಲಿಂದ ಹುಟ್ಟಿತು ಹದಿನೈದು ಇಪ್ಪತ್ತು ಜನರ ಸಂಘ.

ಸಾಲ ತಪ್ಪಿಸಿಕೊಳ್ಳುವ ಮನಸ್ಸು ಆ ಜನರಲ್ಲಿ ಇರಲಿಲ್ಲ ನೋಡು. ನೂರು ಜನರಲ್ಲಿ ಹೆಸರಿಲ್ಲದವರಾಗಿದ್ದಾಗ ಕಟ್ಟಬೇಕು ಅನ್ನಿಸದ ಸಾಲ, ಪರಸ್ಪರ ಮುಖ ಬಲ್ಲ ಹದಿನೈದು ಜನರ ನಡುವೆ ಕಟ್ಟಬೇಕು ಅನ್ನಿಸಿತು. ಯಾರ ಜೊತೆ ಕೂರಬೇಕೆಂದು ಅವರೇ ಆರಿಸಿಕೊಂಡಿದ್ದರು. ಕೆಲವು ಗುಂಪಿನಲ್ಲಿ ಒಂದೇ ಜಾತಿಯವರು, ಕೆಲವದರಲ್ಲಿ ಎರಡು ಮೂರು ಜಾತಿಯವರು. ಅವರನ್ನು ಬೆಸೆದದ್ದು ನಂಬಿಕೆ. ಮೈರಾಡವನ್ನು ಬಹುಕಾಲ ನಡೆಸಿದ ಅಲೋಶಿಯಸ್ ಫರ್ನಾಂಡಿಸ್ ಅವರು ಇದನ್ನೇ ಒತ್ತಿ ಒತ್ತಿ ಹೇಳಿದರು. ಹೊರಗಿನಿಂದ ಬಂದವರು ಪಟ್ಟಿ ಮಾಡಿ ಸಂಘ ಕಟ್ಟಿಸಬಾರದು, ಜನರ ನಡುವೆ ಮೊದಲೇ ಇರುವ ನಂಟನ್ನು ಗುರುತಿಸಬೇಕು ಅಂತ. 1987ರಲ್ಲಿ ನಬಾರ್ಡ್ ಬ್ಯಾಂಕು ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿ ನೋಡುವ ಪ್ರಯೋಗ ಶುರುವಾಯಿತು. ಇವತ್ತು ದೇಶದಲ್ಲಿ ಇಂಥ ಸಂಘಗಳು ಕೋಟಿ ದಾಟಿವೆ.

ಈಗ ಇದರ ಉಲ್ಟಾ ನೋಡು. ಮೈಕ್ರೋ ಫೈನಾನ್ಸಿನವರು ಬೈಕಿನಲ್ಲಿ ಬಂದು ಐದು ಜನರ ಆಧಾರ್ ಕಾರ್ಡು ತೆಗೆದುಕೊಂಡು, ಸಾಲಾಗಿ ನಿಲ್ಲಿಸಿ ಫೋಟೋ ಹಿಡಿದು, ನೀವು ಒಂದು ಗುಂಪು ಅಂದುಬಿಡುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದ ನಾಲ್ವರು ಕಟ್ಟಬೇಕು. ಮೇಲ್ನೋಟಕ್ಕೆ ನಮ್ಮ ಸಂಘದ ಹಾಗೇ ಕಾಣುತ್ತದೆ. ಒಬ್ಬರಿಗೊಬ್ಬರು ಹೊಣೆ ಅನ್ನುವ ಅದೇ ಮಾತು, ಅದೇ ವಾರದ ಕಂತು. ಆದರೆ ಆ ಐವರು ಪರಸ್ಪರ ಆರಿಸಿಕೊಂಡವರಲ್ಲ. ಯಾರು ಯಾತಕ್ಕೆ ಸಾಲ ತೆಗೆದರು ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಅಲ್ಲಿ ಹೊಣೆ ಇದೆ, ಗುರುತಿಲ್ಲ. ಅದಕ್ಕೇ ಒಬ್ಬಳು ಕಂತು ತಪ್ಪಿಸಿದ ದಿನ ಉಳಿದವರು ಅವಳ ಮನೆ ಮುಂದೆ ಕೂಗಾಡುತ್ತಾರೆ. ನಿನ್ನೆವರೆಗೆ ಒಟ್ಟಿಗೆ ಸೌದೆಗೆ ಹೋಗುತ್ತಿದ್ದವರು ಇವತ್ತು ಮುಖ ತಿರುಗಿಸುತ್ತಾರೆ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಸಾಲ ಕೊಟ್ಟವರ ಕಾಟ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಯಲ್ಲಿ ಬಂತು. ಆ ಕಾಟ ತಡೆಯಲು ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಊರು ಬಿಟ್ಟವರ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನಿನ್ನ ಸಂಘದಲ್ಲಿ ಯಾರಾದರೂ ಅಂಥ ಸಾಲದಲ್ಲಿ ಸಿಕ್ಕಿಕೊಂಡಿದ್ದರೆ ಅವಳನ್ನು ಎಲ್ಲರ ಮುಂದೆ ಕೇಳಬೇಡ, ಸಭೆ ಮುಗಿದ ಮೇಲೆ ಒಬ್ಬಳನ್ನೇ ಕೇಳು. ಮೊದಲು ಅವಳ ಮಾತು ಕೇಳಿಸಿಕೊ, ಲೆಕ್ಕ ಆಮೇಲೆ.

ಇನ್ನು ಗಂಡಸರ ವಿಷಯ. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗಿದೆ, ಆದರೂ ಎಷ್ಟೋ ಕಡೆ ಮೆಂಬರಮ್ಮನ ಬದಲು ಮೆಂಬರಮ್ಮನ ಗಂಡ ಕುರ್ಚಿ ಹಿಡಿಯುತ್ತಾನೆ. ಸಂಘಕ್ಕೂ ಆ ಗಾಳಿ ಬೀಸುತ್ತದೆ. ಗಂಡ ಬಂದು ಬಾಗಿಲಲ್ಲಿ ನಿಂತು, 'ಅವ್ಳಿಗೆ ಗೊತ್ತಾಗಲ್ಲ, ನಾನೇ ಹೇಳ್ತೀನಿ' ಅನ್ನುತ್ತಾನೆ. ನೀನು ಜಗಳಕ್ಕೆ ಹೋಗಬೇಡ. 'ಅಣ್ಣ, ನೀವು ಕೂತ್ಕೊಳಿ, ಕಾಫಿ ಕುಡೀರಿ, ಅವ್ರೇ ಹೇಳ್ಲಿ' ಅನ್ನು, ಹೇಳುವವರೆಗೆ ಕಾಯು. ಎಷ್ಟು ಹೊತ್ತಾದರೂ ಕಾಯು. ಒಂದು ಸಲ ನಾನು ಹತ್ತು ನಿಮಿಷ ಕಾದಿದ್ದೇನೆ. ಕೊನೆಗೆ ಅವಳು ಆಡಿದ್ದು ಎರಡೇ ಮಾತು. ಮುಂದಿನ ವಾರ ನಾಲ್ಕಾಯಿತು.

ಯಾರ ಸಹಿಯನ್ನೂ ಇನ್ನೊಬ್ಬರು ಹಾಕಲು ಬಿಡಬೇಡ. ಹೆಬ್ಬೆಟ್ಟು ಆದರೂ ಅವಳದ್ದೇ ಇರಲಿ. ನಡಾವಳಿ ಬರೆಯುವಾಗ 'ಸಂಘ ತೀರ್ಮಾನಿಸಿತು' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬೇಡ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ಬೇಡ ಅಂದರು, ಎಲ್ಲ ಬರಿ. ಬೇಡ ಅಂದವಳ ಹೆಸರನ್ನಂತೂ ತಪ್ಪದೆ ಬರಿ. ನಮ್ಮ ಸಂಘ ಒಂದು ಸಲ ಒಡೆದದ್ದು ಇದರಿಂದಲೇ. ಸಂಘದ ದುಡ್ಡಲ್ಲಿ ಶಾಮಿಯಾನ, ಪಾತ್ರೆ ಕೊಂಡು ಬಾಡಿಗೆಗೆ ಬಿಡೋಣ ಅಂತ ತೀರ್ಮಾನವಾಯಿತು. ಇಬ್ಬರು ಬೇಡ ಅಂದಿದ್ದರು. ನಾನು ಅದನ್ನು ಬರೆಯಲಿಲ್ಲ, ಒಗ್ಗಟ್ಟು ಕಾಣಲಿ ಅಂತ. ಶಾಮಿಯಾನ ಹರಿದು ನಷ್ಟವಾದಾಗ ಬೇಕು ಅಂದವರೂ 'ನಾನು ಆವತ್ತೇ ಬ್ಯಾಡ ಅಂದಿದ್ದೆ' ಅಂದರು. ಪುಸ್ತಕ ತೆಗೆದು ನೋಡಿದರೆ ಅಲ್ಲಿ ಬರೀ 'ಸಂಘ' ಇತ್ತು, ಒಬ್ಬರ ಹೆಸರೂ ಇರಲಿಲ್ಲ. ನಿಜವಾಗಿ ಬೇಡ ಅಂದಿದ್ದ ಇಬ್ಬರೂ ಸಂಘ ಬಿಟ್ಟರು. ಅವರ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ, ಅವರಾದರೂ ಯಾಕೆ ಉಳಿಯಬೇಕು? ಆ ತಪ್ಪು ನನ್ನದು.

ಹೂಗ್ಯಂನವಳಾಗಿ ನಿನಗೆ ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ ಕೊನೆಯಲ್ಲಿ ನಮ್ಮ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ದನದ ಕಳೇಬರಕ್ಕೆ ವಿಷ ಹಾಕಿದ ಆರೋಪದಲ್ಲಿ ಬಂಧಿತರಾದವರು ಬೆರಳೆಣಿಕೆಯ ಜನ. ಆದರೆ ಟಿವಿಯಲ್ಲಿ ದಿನವಿಡೀ ಓಡಿದ್ದು ಊರಿನ ಹೆಸರು. ಇಲ್ಲಿ ಕೊಳ್ಳೇಗಾಲದಲ್ಲಿ ನಾನು ಹೂಗ್ಯಂ ಅಂದ ಕೂಡಲೇ ಜನ ಒಂದು ಗಳಿಗೆ ನನ್ನ ಮುಖ ನೋಡುತ್ತಿದ್ದರು. ಐದು ಜೀವ ಹೋದ ಸಂಕಟ ಒಂದು ಕಡೆ, ಮಾಡದ ತಪ್ಪಿಗೆ ತಲೆ ತಗ್ಗಿಸುವ ಸಂಕಟ ಇನ್ನೊಂದು ಕಡೆ. ಒಬ್ಬರು ಮಾಡಿದ್ದು ಎಲ್ಲರ ಹಣೆಗೆ ಅಂಟುವುದು ಎಷ್ಟು ಉರಿಯುತ್ತದೆ ಅಂತ ಆಗ ನಮಗೆಲ್ಲ ತಿಳಿಯಿತು.

ಹೀಗಿರುವಾಗ ನಾವೇ ನಮ್ಮ ಸಂಘದೊಳಗೆ ಅದನ್ನು ಮಾಡಬಾರದು ಮಗಳೇ. ಒಬ್ಬಳು ಕಂತು ತಪ್ಪಿಸಿದರೆ 'ಆ ಬೀದಿಯವ್ರೇ ಹಂಗೆ' ಅನ್ನುವ ಮಾತು ಬಂದೇ ಬರುತ್ತದೆ. ಬಂದಾಗ ಅಲ್ಲೇ ತಡಿ. ಬೀದಿ ಕಂತು ತಪ್ಪಿಸಲಿಲ್ಲ, ಇಂಥವಳು ತಪ್ಪಿಸಿದಳು, ಅವಳನ್ನೇ ಕೇಳೋಣ ಅನ್ನು. ಹಾಗೆ ಅಂದರೆ ಅವಳಿಗೆ ನೋವಾಗಬಹುದು ಅನ್ನಿಸುತ್ತದೆ. ನಾನು ಕಂಡ ಮಟ್ಟಿಗೆ, ತನ್ನ ತಪ್ಪಿಗೆ ತಾನೊಬ್ಬಳೇ ಉತ್ತರ ಕೊಡುವುದು ಅಷ್ಟು ಕಷ್ಟವಲ್ಲ. ತನ್ನಿಂದ ಇಡೀ ಬೀದಿಗೆ ಕೆಟ್ಟ ಹೆಸರು ಬಂದರೆ ಅವಳು ಬೀದಿಯಲ್ಲೂ ತಲೆ ಎತ್ತಲಾರಳು, ಸಂಘದಲ್ಲೂ ಎತ್ತಲಾರಳು.

ಹಾಗಂತ ಸಂಘದೊಳಗೆ ಬಂದ ಮೇಲೆ ಎಲ್ಲರೂ ಒಂದೇ, ಜಾತಿ ಭಾಷೆ ಎಲ್ಲ ಹೊರಗೆ ಬಿಟ್ಟು ಬನ್ನಿ ಅಂತ ಭಾಷಣ ಮಾಡಬೇಡ. ಹಾಗೆ ಹೇಳುವವರು ಸಾಮಾನ್ಯವಾಗಿ ಏನನ್ನೂ ಬಿಟ್ಟು ಬರಬೇಕಿಲ್ಲದವರು, ನನ್ನ ಪುಸ್ತಕದಲ್ಲಿ ಬರೀ ಮಾದೇವಮ್ಮ ಅಂತ ಬರೆಸಿಕೊಂಡವರು. ಪೋಡಿನವಳು ಜೇನಿನ ಕಾಲದಲ್ಲಿ ಎರಡು ವಾರ ಬರಲಿಲ್ಲವೆಂದರೆ ಅದು ಗೈರುಹಾಜರಿ ಅಲ್ಲ, ಅವಳ ಬದುಕು. ಮುಂಚೆಯೇ ಕೇಳಿ ಗೊತ್ತು ಮಾಡಿಕೊ, ಬಂದ ಮೇಲೆ ಒಟ್ಟಿಗೆ ಕಟ್ಟಲಿ. ಗಡಿ ಸೀಮೆ ನಮ್ಮದು, ಮನೆಯಲ್ಲಿ ತಮಿಳು ಆಡುವವಳು ಸಭೆಯಲ್ಲಿ ಕನ್ನಡಕ್ಕೆ ತಡವರಿಸುತ್ತಾಳೆ. ಅವಳು ತಮಿಳಿನಲ್ಲೇ ಹೇಳಲಿ, ಪಕ್ಕದವಳು ಕನ್ನಡದಲ್ಲಿ ಹೇಳುತ್ತಾಳೆ, ನಡಾವಳಿಗೆ ಅವಳ ಹೆಸರಿನಲ್ಲೇ ಸೇರಲಿ. ಕಲ್ಲುಕ್ವಾರಿಗೋ ಎಸ್ಟೇಟಿಗೋ ಕೂಲಿಗೆ ಹೋಗುವ ಕುಟುಂಬವಿದ್ದರೆ ಅವರು ಊರಿಗೆ ಬರುವ ದಿನ ನೋಡಿಕೊಂಡು ಸಭೆ ಇಡು. ಎಲ್ಲರಿಗೂ ಒಂದೇ ನಿಯಮ ಅಂತ ಪಟ್ಟು ಹಿಡಿದರೆ, ಆ ನಿಯಮ ಮೊದಲೇ ಊರಲ್ಲಿ ನೆಲೆಯಾಗಿ ಕೂತವರಿಗೆ ಹೊಂದುತ್ತದೆ, ಮಿಕ್ಕವರು ಒಬ್ಬೊಬ್ಬರೇ ಕಳಚಿಕೊಳ್ಳುತ್ತಾರೆ.

ಸಭೆ ಎಲ್ಲಿ ಇಡುತ್ತೀಯ ಅನ್ನುವುದೂ ಸಣ್ಣ ವಿಷಯವಲ್ಲ. ಯಾರದೋ ಜಗಲಿಯಲ್ಲಿ ಇಟ್ಟರೆ ಆ ಮನೆಯವಳು ಒಳಗಿಂದ ಮಾತಾಡುತ್ತಾಳೆ, ಕೆಲವರು ಮೆಟ್ಟಿಲ ಮೇಲೆ, ಕೆಲವರು ಅಂಗಳದಲ್ಲಿ ಉಳಿಯುತ್ತಾರೆ. ಅಂಗನವಾಡಿಯಲ್ಲೋ ಶಾಲೆಯಲ್ಲೋ ಇಡು. ಎಲ್ಲರನ್ನೂ ವೃತ್ತವಾಗಿ ಕೂರಿಸು, ನೀನೂ ಆ ಸುತ್ತಿನಲ್ಲೇ ಕೂರು.

ಸುತ್ತು ಅಂದರೆ ನನಗೆ ನಿನ್ನ ತಾತನ ಬೀಸು ಕಂಸಾಳೆ ಕುಣಿತ ನೆನಪಾಗುತ್ತದೆ. ನೀನು ಅದನ್ನು ನೋಡಿಲ್ಲ, ಇನ್ನೂ ಹುಟ್ಟಿರಲಿಲ್ಲ. ನಾನು ಚಿಕ್ಕವಳಾಗಿದ್ದಾಗ ಬಾಗಿಲಲ್ಲಿ ಕೂತು ಅವರ ಅಭ್ಯಾಸ ನೋಡುತ್ತಿದ್ದೆ. ಮಾದಪ್ಪನ ಪದ ಹಾಡುವ ಎಂಟು ಹತ್ತು ಜನ ದೇವರಗುಡ್ಡರು. ಪ್ರತಿಯೊಬ್ಬನ ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳ. ಅದನ್ನು ತನ್ನ ಬಟ್ಟಲಿಗೂ ಹೊಡೆಯಬೇಕು, ಸುತ್ತುತ್ತಾ ಪಕ್ಕದವನ ಬಟ್ಟಲಿಗೂ ಹೊಡೆಯಬೇಕು. ಒಬ್ಬ ಹೊಸ ಹುಡುಗ ಹೆದರಿ ಕೈ ಹಿಂದೆ ಎಳೆದುಕೊಂಡ. ಪಕ್ಕದವನ ತಾಳ ಗಾಳಿಗೆ ಬೀಸಿ ಹೋಯಿತು, ಇಡೀ ಸುತ್ತು ತಪ್ಪಿತು. ತಾತ ಬೈಯಲಿಲ್ಲ. 'ನಿನ್ ಕೈ ನಿನ್ ಜಾಗ್ದಲ್ಲಿ ಇರ್ಲಿ ಕನಪ್ಪ, ಅವ್ನು ಬಂದು ಹೊಡೀತಾನೆ' ಅಂದರು. ಸಂಘದಲ್ಲಿ ಮಾತಾಡದವಳನ್ನು ಕಂಡಾಗಲೆಲ್ಲ ನನಗೆ ಆ ಹುಡುಗನ ಕೈ ನೆನಪಾಗುತ್ತದೆ.

ನಿನ್ನ ಬಗ್ಗೆಯೂ ಒಂದು ಮಾತು. ನೀನು ಓದಿದವಳು, ಚುರುಕು, ಎಲ್ಲವನ್ನೂ ನೀನೇ ಮಾಡಿಬಿಡುತ್ತೀಯ. ಹಾಗೆ ಮಾಡಿದರೆ ಎರಡು ವರ್ಷದಲ್ಲಿ ಅದು ನಿನ್ನ ಹೆಸರಿನ ಸಂಘವಾಗುತ್ತದೆ. ಜನ 'ಅವ್ಳ ಸಂಘ' ಅನ್ನುತ್ತಾರೆ. ಕೇಳಲು ಖುಷಿ, ಆದರೆ ಆ ಮಾತು ಕಿವಿಗೆ ಬಿದ್ದ ದಿನ ಎಚ್ಚರವಾಗು. ಮೈರಾಡದವರ ದೊಡ್ಡ ಸಂಘಗಳು ಬಿರುಕು ಬಿಟ್ಟದ್ದು ಅದೇ ಕಾರಣಕ್ಕೆ. ಅವಧಿ ಮುಗಿದ ಕೂಡಲೇ ಪುಸ್ತಕ ಇನ್ನೊಬ್ಬಳ ಕೈಗೆ ಕೊಡು. ಅವಳು ತಪ್ಪು ತಪ್ಪಾಗಿ ಬರೆದರೂ ಕೊಡು. ಬ್ಯಾಂಕಿಗೆ ಹೋಗುವಾಗ ಪ್ರತಿ ಸಲ ಬೇರೆ ಒಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗು. ಮ್ಯಾನೇಜರು ನಿನ್ನನ್ನು ಮಾತ್ರ ಗುರುತು ಹಿಡಿಯುವಂತಾಗಬಾರದು.

ನಾಡಿದ್ದು ಭಾನುವಾರ ನಿಮ್ಮ ಸಭೆಯಂತೆ. ಮೊದಲು ಹಾಜರಿ ಕೂಗು, ಒಬ್ಬೊಬ್ಬರ ಹೆಸರು ಹಿಡಿದು, ನಿಧಾನವಾಗಿ. ನಮ್ಮ ಸಂಘದ ಮೊದಲ ವರ್ಷ, ಅರವತ್ತು ದಾಟಿದ ಒಬ್ಬಳು ತನ್ನ ಹೆಸರು ಕೇಳಿ ಸುತ್ತಮುತ್ತ ನೋಡಿದ್ದಳು, ಬೇರೆ ಯಾರನ್ನೋ ಕೂಗುತ್ತಿದ್ದಾರೆ ಅಂತ. ಮದುವೆಯಾಗಿ ಬಂದ ಮೇಲೆ ಊರಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಇಂಥವನ ಹೆಂಡತಿ, ಆಮೇಲೆ ಇಂಥವನ ಅವ್ವ, ಆಮೇಲೆ ಅಜ್ಜಿ. ನಾನು ಇನ್ನೊಂದು ಸಲ ಕೂಗಿದೆ. ಅವಳು ಸೆರಗು ಸರಿಮಾಡಿಕೊಂಡು, 'ಬಂದಿವ್ನಿ' ಅಂದಳು.

ಆ ಮೊದಲ ವರ್ಷದ ಹಾಜರಿ ಪುಸ್ತಕ ನನ್ನ ಟ್ರಂಕಿನಲ್ಲಿದೆ. ಮುಂದಿನ ಸಲ ಕೊಳ್ಳೇಗಾಲಕ್ಕೆ ಬಂದಾಗ ತೆಗೆದುಕೊಂಡು ಹೋಗು. ಮೂವರು ಮಾದೇವಮ್ಮಂದಿರ ಹೆಸರಿನ ಹಿಂದೆ ನಾನು ಮೊದಲು ಬರೆದದ್ದನ್ನು ಹೊಡೆದು ಹಾಕಿ, ನಾಲ್ವರೂ ತಾವಾಗಿ ಹೇಳಿದ್ದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹೊಡೆದು ಹಾಕಿದ್ದೂ ಕಾಣುತ್ತದೆ. ಅದನ್ನು ಅಳಿಸಲಿಲ್ಲ.

ನಿನ್ನ ದೊಡ್ಡವ್ವ